ಎಚಿಂಗ್‌ಗೆ "ಕೆತ್ತನೆ" ಅನ್ನಬಹುದಾ? ಆಬರ್ಲಿ ಚಿತ್ರಗಳಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಯೋಹಾನ್ ಲುಡ್ವಿಗ್ ಆಬರ್ಲಿ ಅನ್ನೋ ಸ್ವಿಸ್ ಕಲಾವಿದನ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಲೇಖನ ಬರೀತಾ ಇದೀನಿ, ಎರಡು ಪದಗಳಿಗೆ ಬಂದು ನಿಂತಿದೆ, ಬಲ್ಲವರು ದಯವಿಟ್ಟು ತಿಳಿಸಿ.

ಆಬರ್ಲಿ 1723ರಲ್ಲಿ ವಿಂಟರ್‌ಥೂರ್‌ನಲ್ಲಿ ಹುಟ್ಟಿದವನು, 1741ರಲ್ಲಿ ಬರ್ನ್‌ಗೆ ಬಂದು ಯೋಹಾನ್ ಗ್ರಿಮ್ ಹತ್ರ ಕಲಿತು ಮುಂದೆ ಅವನ ಡ್ರಾಯಿಂಗ್ ಸ್ಕೂಲನ್ನೇ ವಹಿಸ್ಕೊಂಡ. ಹೊಟ್ಟೆಪಾಡಿಗೆ ಭಾವಚಿತ್ರ, ಮನಸ್ಸು ಮಾತ್ರ ನಿಸರ್ಗಚಿತ್ರದ ಕಡೆ. 1759ರಲ್ಲಿ ಶಿಷ್ಯ ಆಡ್ರಿಯಾನ್ ಝಿಂಗ್ ಜೊತೆ ಪ್ಯಾರಿಸ್ಸಿಗೂ ಹೋಗಿಬಂದ. ಆಲ್ಪ್ಸ್ ನೋಡೋಕೆ ಯುರೋಪಿನ ಜನ ಬರೋಕೆ ಶುರುವಾಗಿದ್ದ ಕಾಲ ಅದು, ಲೌಟರ್‌ಬ್ರುನೆನ್ ಕಣಿವೆಯ ಸ್ಟೌಬಾಖ್ ಜಲಪಾತ, ಬೀಲ್ ಸರೋವರ ಇಂಥವನ್ನೆಲ್ಲ ನೋಡಿದವರು ವಾಪಸ್ ಹೋಗುವಾಗ ಇವನ ಚಿತ್ರ ಕೊಂಡು ಒಯ್ತಿದ್ರು. 1779ರಲ್ಲಿ ಜರ್ಮನ್ ಕವಿ ಗಯಟೆ ಕೂಡ ಬರ್ನ್‌ನಲ್ಲಿ ಇವನನ್ನ ಕಂಡಿದಾನೆ. ಆಬರ್ಲಿ 1786ರಲ್ಲಿ ಅಲ್ಲೇ ತೀರ್ಕೊಂಡ.

ಈಗ ತೊಡಕಿಗೆ ಬರ್ತೀನಿ. ಎಚಿಂಗ್ ಅಂದ್ರೆ ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಇಟ್ರೆ ಗೀರಿದ ಕಡೆ ಮಾತ್ರ ಆಸಿಡ್ ತಾಮ್ರವನ್ನ ತಿಂದು ಗೆರೆ ಇಳಿಯುತ್ತೆ, ಆ ಗೆರೆಗೆ ಮಸಿ ತುಂಬಿ, ಮೇಲಿನದನ್ನ ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಲ್ಲಿ ಒತ್ತೋದು. ಇಲ್ಲಿ ಉಳಿ ಹಿಡಿದು ಲೋಹ ಕೆತ್ತೋ ಕೆಲಸವೇ ಇಲ್ಲ, ಹಾಗಾಗಿ "ಕೆತ್ತನೆ" ನನಗೆ ಒಪ್ಪಲ್ಲ, ಅದು ಎನ್‌ಗ್ರೇವಿಂಗ್‌ಗೆ ಇರಲಿ. "ಆಮ್ಲರೇಖನ" ಅಂದ್ರೆ ಅರ್ಥ ಸರಿ, ಆದ್ರೆ ಓದೋರಿಗೆ ಕೆಮಿಸ್ಟ್ರಿ ಪಾಠ ಅನ್ನಿಸಿಬಿಡುತ್ತೆ.

ಅಷ್ಟಕ್ಕೇ ಮುಗಿಯಲ್ಲ, ಆಬರ್ಲಿ ತಗಡಿನ ಮೇಲೆ ತೆಳು ಹೊರಗೆರೆ ಮಾತ್ರ ಮಾಡ್ತಿದ್ದ. ಅಚ್ಚಾದ ಮೇಲೆ ಒಂದೊಂದು ಹಾಳೆಗೂ ಕೈಯಿಂದಲೇ ನೆರಳು ಕೊಟ್ಟು ಜಲವರ್ಣ ತುಂಬೋದು. ಗೆರೆ ಎಲ್ಲದರಲ್ಲೂ ಒಂದೇ, ಆಕಾಶದ ನೀಲಿ ಮಾತ್ರ ಹಾಳೆಯಿಂದ ಹಾಳೆಗೆ ಬೇರೆ. "ಆಬರ್ಲಿ ಶೈಲಿ" ಅಂತಲೇ ಅದಕ್ಕೆ ಹೆಸರು ಬಿತ್ತು. ಇದನ್ನ "ಮುದ್ರಿತ ಚಿತ್ರ" ಅಂದ್ರೆ ಕೈಕೆಲಸ ಮರೆಯಾಗುತ್ತೆ, "ಜಲವರ್ಣ ಚಿತ್ರ" ಅಂದ್ರೆ ತಗಡು ಮರೆಯಾಗುತ್ತೆ. ಸದ್ಯಕ್ಕೆ "ಬಣ್ಣ ತುಂಬಿದ ಅಚ್ಚುಚಿತ್ರ" ಅಂತ ಬರ್ಕೊಂಡಿದೀನಿ, ಉದ್ದ ಆಯ್ತು ನಿಜ, ಆದ್ರೆ ಸುಳ್ಳಿಲ್ಲ.

ಎರಡನೇದು, ಇಂಥ ಕಲಾವಿದನನ್ನ ಏನನ್ನೋದು? "ಮುದ್ರಕ" ಅಂದ್ರೆ ಪುಸ್ತಕದ ಕೊನೇಲಿ ಬರೋ ಪ್ರೆಸ್ಸಿನೋರು ನೆನಪಾಗ್ತಾರೆ, "ಗ್ರಾಫಿಕ್ ಕಲಾವಿದ" ಅಂದ್ರೆ ಈಗಿನೋರು ಕಂಪ್ಯೂಟರ್ ಕೆಲಸ ಅನ್ಕೋತಾರೆ. "ಮುದ್ರಣ ಕಲಾವಿದ" ಬಳಕೆಯಲ್ಲಿದೆ, ನನ್ನ ಒಲವು "ಅಚ್ಚುಚಿತ್ರಗಾರ" ಕಡೆಗೆ. ಕಲಾಶಾಲೆಯಲ್ಲಿ ಓದಿದವರು, ತಗಡಿನ ಮೇಲೆ ಕೆಲಸ ಮಾಡಿದವರು ಇಲ್ಲಿದ್ರೆ ನಿಮ್ಮ ಸ್ಟುಡಿಯೋದಲ್ಲಿ ಕನ್ನಡದಲ್ಲಿ ಏನಂತೀರಿ ಅನ್ನೋದನ್ನ ಹಾಗೇ ಬರೆದು ಕಳ್ಸಿ.