ಅಪ್ಪನಿಗೆ ವಾರಕ್ಕೆ ಮೂರು ಡಯಾಲಿಸಿಸ್, ಮನೆಗೆ ಬರೋದು 24 ಸಾವಿರ. ಕಡಿತ ಎಲ್ಲಿಂದ ಶುರು ಮಾಡಲಿ?

ತುಮಕೂರು_ವಾಸಿ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಐದು ಜನ: ಅಪ್ಪ (61), ಅಮ್ಮ, ನಾನು, ಹೆಂಡತಿ, ಮೂರನೇ ಕ್ಲಾಸಿನ ಮಗಳು. ಅಪ್ಪನಿಗೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಖಾಸಗಿ ಸೆಂಟರಿನಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಗಿದೆ. ಕುತ್ತಿಗೆಗೆ ಪೈಪ್ ಹಾಕಿದ್ದಾರೆ, ಕೈಗೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಕೈಯ ರಕ್ತನಾಳಗಳನ್ನು ಜೋಡಿಸುವ ಆಪರೇಷನ್) ಇನ್ನೂ ಆಗಿಲ್ಲ.

ಆದಾಯ: ಫ್ಯಾಕ್ಟರಿ ಸಂಬಳ 19,200, ಪಿ.ಎಫ್., ಇಎಸ್‌ಐ ಕಳೆದು ಕೈಗೆ 17,200. ಹೆಂಡತಿಯ ಹೊಲಿಗೆಯಿಂದ ಸುಮಾರು 5,000. ಅಮ್ಮನಿಗೆ ಗೃಹಲಕ್ಷ್ಮಿ 2,000. ಮನೆ ಸ್ವಂತದ್ದು. ಎಪಿಎಲ್ ಕಾರ್ಡ್.

ಮನೆ ಖರ್ಚು: ದಿನಸಿ, ಹಾಲು, ತರಕಾರಿ 7,500. ಗ್ಯಾಸ್, ನೀರು, ಮೊಬೈಲ್ 1,800. ಶಾಲೆ, ವ್ಯಾನ್ 2,600. ಬೈಕ್ ಕಂತು 2,900. ಎಲ್‌ಐಸಿ 1,150. ಚೀಟಿ 2,000 (20 ತಿಂಗಳ ಚೀಟಿ, 12 ಕಟ್ಟಿದೆ, ಎತ್ತಿಲ್ಲ). ಪೆಟ್ರೋಲ್, ಹಬ್ಬ ಹರಿದಿನ 2,000. ಒಟ್ಟು 19,950.

ಕಾಯಿಲೆ ಖರ್ಚು: ಡಯಾಲಿಸಿಸ್ 1,400ರಂತೆ 12 ಸಲಕ್ಕೆ 16,800. ಆಟೊ 250ರಂತೆ 3,000. ಮಾತ್ರೆ 3,200. ರಕ್ತ ಹೆಚ್ಚಿಸೋ ಇಂಜೆಕ್ಷನ್ 4,000. ರಕ್ತ ಪರೀಕ್ಷೆ 1,000. ಒಟ್ಟು 28,000.

ಮಗಳ ವ್ಯಾನ್ ಬಿಡಿಸಿ, ಎಲ್‌ಐಸಿ ಸರೆಂಡರ್ ಮಾಡಿ, ಒಡವೆ ಅಡ ಇಡೋ ಯೋಚನೆಯಲ್ಲಿದ್ದೇವೆ. ವಾರಕ್ಕೆ ಎರಡೇ ಸಲ ಡಯಾಲಿಸಿಸ್ ಮಾಡಿಸಿದರೆ ನಡೆಯುತ್ತಾ ಅಂತ ಅಪ್ಪ ಕೇಳ್ತಿದ್ದಾರೆ. ಬಲ್ಲವರು ಹೇಳಿ.

ಜಮಾಖರ್ಚು:

ಮೊದಲು ಕೊನೆಯ ಪ್ರಶ್ನೆಗೆ ಉತ್ತರ: ಡಾಕ್ಟರ್ ಹೇಳದೆ ಮೂರನ್ನು ಎರಡಕ್ಕೆ ಇಳಿಸಬೇಡಿ. ಮಧ್ಯೆ ಅಂತರ ಹೆಚ್ಚಾದಷ್ಟೂ ಪೊಟ್ಯಾಸಿಯಂ ಏರುತ್ತದೆ, ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ರಾತ್ರಿ ಎಮರ್ಜೆನ್ಸಿಗೆ ಹೋದರೆ ಐಸಿಯು ಬಿಲ್ಲು ನೀವು ಉಳಿಸಿದ್ದನ್ನೆಲ್ಲ ಒಂದೇ ಸಲ ನುಂಗುತ್ತದೆ. ಜೀವದ ಮಾತು ಬೇರೆ.

ಇನ್ನು ಲೆಕ್ಕ. ತಿಂಗಳಿಗೆ ನಾಲ್ಕು ವಾರ ಅಂತ ಹಿಡಿದಿದ್ದೀರಿ. ವರ್ಷಕ್ಕೆ 52 ವಾರ, ಅಂದರೆ 156 ಡಯಾಲಿಸಿಸ್, ತಿಂಗಳಿಗೆ ಸರಾಸರಿ 13. ಕೆಲವು ತಿಂಗಳು 14 ಬರುತ್ತದೆ. ಹಾಗಾಗಿ ಡಯಾಲಿಸಿಸ್ 18,200, ಆಟೊ 3,250. ಆ 1,400ರಲ್ಲಿ ಡಯಲೈಸರ್ (ರಕ್ತ ಸೋಸುವ ಫಿಲ್ಟರ್) ಮತ್ತು ಟ್ಯೂಬಿಂಗ್ ಸೇರಿದೆಯಾ ಅಂತಲೂ ಕೇಳಿ. ಕೆಲವು ಕಡೆ ಒಂದೇ ಡಯಲೈಸರನ್ನು ಅದೇ ರೋಗಿಗೆ ತೊಳೆದು ಮತ್ತೆ ಬಳಸುತ್ತಾರೆ, ಹೊಸದು ಹಾಕಿದ ದಿನ ಬೇರೆ ಬಿಲ್ಲು ಬರುತ್ತದೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಖರ್ಚು ಒಂದಿದೆ: ನಿಮ್ಮ ರಜೆ. ಒಂದು ದಿನ ಸಂಬಳ ಕಟ್ ಆದರೆ 640 ರೂಪಾಯಿ. ತಿಂಗಳಲ್ಲಿ ಆರು ದಿನ ನೀವೇ ಜೊತೆಗೆ ಕೂತರೆ 3,840 ಹೋಯಿತು. ಮಾತ್ರೆ ಖರ್ಚಿಗಿಂತ ಅದೇ ಜಾಸ್ತಿ. ಬೆಳಗಿನ ಮೊದಲ ಶಿಫ್ಟ್ ಸಿಕ್ಕಿದರೆ ನಾಲ್ಕು ಗಂಟೆಯ ಡಯಾಲಿಸಿಸ್ ಹತ್ತೂವರೆಗೆ ಮುಗಿಯುತ್ತದೆ, ನೀವು ಸೆಕೆಂಡ್ ಶಿಫ್ಟ್ ಹಾಕಿಸಿಕೊಳ್ಳಬಹುದು. ಅಪ್ಪನವರ ಬಿ.ಪಿ. ಸ್ಥಿರವಾದ ಮೇಲೆ ಪೂರ್ತಿ ಹೊತ್ತು ಪಕ್ಕದಲ್ಲಿ ಕೂರುವವರು ಬೇಕಾಗುವುದಿಲ್ಲ, ಕರೆದುಕೊಂಡು ಹೋಗಿ ಬರುವವರಿದ್ದರೆ ಸಾಕು. ಆಟೊದವರ ಹತ್ತಿರ ತಿಂಗಳ ಲೆಕ್ಕ ಮಾತಾಡಿ. ಡಯಾಲಿಸಿಸ್ ಮುಗಿದ ತಕ್ಷಣ ಬಿ.ಪಿ. ಇಳಿದು ತಲೆ ಸುತ್ತುವುದುಂಟು, ದುಡ್ಡು ಉಳಿಸಲು ಬೈಕ್ ಹಿಂದೆ ಕೂರಿಸಬೇಡಿ.

ವ್ಯಾನ್ ಬಿಡಿಸಿದರೆ ಉಳಿಯೋದು ಸಾವಿರ ಚಿಲ್ಲರೆ, ಆದರೆ ಮಗಳನ್ನು ಬಿಡೋಕೆ ಕರೆಯೋಕೆ ದಿನಾ ಒಬ್ಬರು ಬೇಕು. ಆ ಹೊತ್ತು ಹೆಂಡತಿಯ ಹೊಲಿಗೆಯಿಂದಲೇ ಹೋಗುತ್ತದೆ. ಬಿಡಿಸಬೇಡಿ. ಎಲ್‌ಐಸಿ ಇರೋದು ದುಡಿಯುವವರ ಮೇಲೆ. ಅದನ್ನು ಮುರಿದರೆ ಕಟ್ಟಿದ ಹಣದಲ್ಲೇ ನಷ್ಟ, ಜೊತೆಗೆ ರಕ್ಷಣೆಯೂ ಹೋಯಿತು. ತಿಂಗಳ ಕಂತಾದರೆ 15 ದಿನ, ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಕಂತಾದರೆ 30 ದಿನ ರಿಯಾಯಿತಿ ಅವಧಿ ಇದೆ. ಅಷ್ಟರೊಳಗೆ ಕಟ್ಟಿದರೆ ಪಾಲಿಸಿಗೆ ಏನೂ ಆಗುವುದಿಲ್ಲ.

ಇಎಸ್‌ಐ_ಕೌಂಟರ್:

ಮೇಲಿನವರ ಲೆಕ್ಕ ಸರಿ. ಆದರೆ ಕಡಿತದ ಮಾತಿಗೆ ಮುಂಚೆ ಒಂದು ವಿಷಯ. "ಇಎಸ್‌ಐ ಕಳೆದು" ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಈ 18,200 ನಿಮ್ಮ ಜೇಬಿಂದ ಯಾಕೆ ಹೋಗುತ್ತಿದೆ?

ಸಂಬಳ 21,000ದೊಳಗಿರುವವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ, ಅನ್ವಯ. ನಿಮ್ಮಿಂದ 0.75%, ಅಂದರೆ ಸುಮಾರು 144 ರೂಪಾಯಿ, ಕಂಪನಿಯಿಂದ 3.25% ಹೋಗುತ್ತಿದೆ. ಹೆಂಡತಿ ಮಕ್ಕಳಷ್ಟೇ ಅಲ್ಲ, ನಿಮ್ಮನ್ನೇ ನೆಚ್ಚಿಕೊಂಡಿರುವ ತಂದೆ ತಾಯಿಯೂ ಇದರಲ್ಲಿ ಬರುತ್ತಾರೆ. ತಂದೆಗೆ ಎಲ್ಲ ಮೂಲದಿಂದ ಸೇರಿ ತಿಂಗಳಿಗೆ 9,000ಕ್ಕಿಂತ ಹೆಚ್ಚು ಆದಾಯ ಇರಬಾರದು, ಅಷ್ಟೆ. ಕೆಲಸಕ್ಕೆ ಸೇರುವಾಗ ಬಹಳ ಜನ ಹೆಂಡತಿ ಹೆಸರೊಂದನ್ನೇ ಬರೆಸಿ ಸುಮ್ಮನಾಗುತ್ತಾರೆ.

ಸಂಬಳದ ಚೀಟಿಯಲ್ಲಿರುವ 10 ಅಂಕಿಯ ವಿಮಾ ಸಂಖ್ಯೆ ಹಿಡಿದು ಕಂಪನಿಯ ಎಚ್‌ಆರ್ ಹತ್ತಿರ ಹೋಗಿ. ಕುಟುಂಬದ ವಿವರಕ್ಕೆ ಅಪ್ಪನನ್ನು ಸೇರಿಸಿಸಿ. ಆಧಾರ್, ಫೋಟೊ ಬೇಕು. ಆಧಾರ್‌ನಲ್ಲಿ ಹೆಸರು, ಹುಟ್ಟಿದ ದಿನ ಹೇಗಿದೆಯೋ ಅಕ್ಷರ ತಪ್ಪದೆ ಹಾಗೇ ಇರಲಿ, ಅರ್ಧ ಅರ್ಜಿಗಳು ಸಿಕ್ಕಿಬೀಳುವುದು ಇಲ್ಲೇ. ಆಮೇಲೆ ಇ-ಪೆಹಚಾನ್ ಕಾರ್ಡ್ (ಇಎಸ್‌ಐ ಗುರುತಿನ ಚೀಟಿ) ಪ್ರಿಂಟ್ ತೆಗೆದು, ಎಲ್ಲ ರಿಪೋರ್ಟ್‌ಗಳ ಜೊತೆ ನಿಮ್ಮ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ. ಅಲ್ಲಿಂದ ಇಎಸ್‌ಐ ಆಸ್ಪತ್ರೆಗೋ ಒಪ್ಪಂದವಿರುವ ಖಾಸಗಿ ಆಸ್ಪತ್ರೆಗೋ ರೆಫರಲ್ ಪತ್ರ ಕೊಡುತ್ತಾರೆ. ಕುಟುಂಬದವರಿಗೆ ದೊಡ್ಡ ಚಿಕಿತ್ಸೆ ಬೇಕಾದಾಗ ನಿಮ್ಮ ಸೇವಾವಧಿಯನ್ನೂ ನೋಡುತ್ತಾರೆ, ಆದ್ದರಿಂದ ಸೇರಿದ ದಿನಾಂಕದ ದಾಖಲೆ ಜೊತೆಗಿರಲಿ.

ಎಡವೋದು ಎಲ್ಲಿ? ರೆಫರಲ್ ಪತ್ರಕ್ಕೆ ಅವಧಿ ಇರುತ್ತದೆ, ಇಷ್ಟು ಡಯಾಲಿಸಿಸ್ ಅಂತ ಸಂಖ್ಯೆಯೂ ಇರುತ್ತದೆ. ಮುಗಿದ ಮೇಲೆ ಓಡಬೇಡಿ, ಇನ್ನೂ ಎರಡು ಮೂರು ಬಾಕಿ ಇರುವಾಗಲೇ ನವೀಕರಿಸಿ. ಪತ್ರವಿಲ್ಲದೆ ಹೊರಗೆ ನಗದು ಕೊಟ್ಟು ಮಾಡಿಸಿದ್ದು ವಾಪಸ್ ಬರುತ್ತದೆ ಅಂತ ನೆಚ್ಚಬೇಡಿ. ಇಂಜೆಕ್ಷನ್, ಮಾತ್ರೆಗಳನ್ನೂ ಅಲ್ಲೇ ಕೇಳಿ ಪಡೆಯಿರಿ.

ತುಮಕೂರು_ವಾಸಿ:

ಅಪ್ಪನ ಹೆಸರು ಸೇರಿಸಬಹುದು ಅಂತ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಏಪ್ರಿಲ್‌ಗೆ ಸಂಬಳ 21,000 ದಾಟಬಹುದು, ಆಗ ಎಲ್ಲ ನಿಲ್ಲುತ್ತದಾ? ಮತ್ತೆ ಇಎಸ್‌ಐ ಆಗುವ ತನಕ ಎರಡು ತಿಂಗಳು ದುಡ್ಡಿಗೆ ಏನು ಮಾಡಲಿ?

ಇಎಸ್‌ಐ_ಕೌಂಟರ್:

ಒಮ್ಮೆಗೇ ನಿಲ್ಲುವುದಿಲ್ಲ. ಇಎಸ್‌ಐಗೆ ವಂತಿಗೆ ಕಟ್ಟುವ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಮಿತಿ ದಾಟಿದರೆ ಆ ಅವಧಿ ಮುಗಿಯುವ ತನಕ ಕಟ್ಟುತ್ತೀರಿ. ಆದರೆ ಹೆಚ್ಚಳ ಏಪ್ರಿಲ್ 1ರಿಂದಲೇ ಜಾರಿಯಾದರೆ ಹೊಸ ಅವಧಿಗೆ ನೀವು ಸೇರುವುದಿಲ್ಲ. ಆದರೂ ಅಕ್ಟೋಬರ್–ಮಾರ್ಚ್‌ನಲ್ಲಿ ಕಟ್ಟಿದ್ದಕ್ಕೆ ಸೌಲಭ್ಯ ಸಿಗುವ ಅವಧಿ ಮುಂದಿನ ಜುಲೈನಿಂದ ಡಿಸೆಂಬರ್, ಅದಕ್ಕೆ ಕನಿಷ್ಠ 78 ದಿನದ ವಂತಿಗೆ ಇರಬೇಕು. 21,000ದ ಮಿತಿ ನೋಡುವಾಗ ಓವರ್‌ಟೈಮ್ ಲೆಕ್ಕಕ್ಕಿಲ್ಲ, ಹಾಗಾಗಿ ಓಟಿಗೆ ಹೆದರಬೇಡಿ.

ಇದರ ಜೊತೆಗೇ ಜಿಲ್ಲಾ ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲೂ ಹೆಸರು ಬರೆಸಿಡಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಿಪಿಎಲ್‌ನವರಿಗೆ ಉಚಿತ. ಎಪಿಎಲ್‌ಗೆ ಎಷ್ಟು ಅಂತ ಅಲ್ಲೇ ಕೇಳಿ. ಸರದಿ ಇರುತ್ತದೆ, ಅದಕ್ಕೇ ಬೇಗ ಬರೆಸಿ ಅನ್ನೋದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದ್ದರೆ, ಎಪಿಎಲ್‌ಗೆ ಸರ್ಕಾರ ಪ್ಯಾಕೇಜ್ ದರದ 30% ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ನಿಮಗೆ ಇಎಸ್‌ಐ ದಾರಿಯೇ ಲಾಭ.

ಜಮಾಖರ್ಚು:

ಎರಡು ತಿಂಗಳ ಕೊರತೆ ಸುಮಾರು 50,000. ಮೊದಲು ಪಿ.ಎಫ್. ಕುಟುಂಬದವರ ಕಾಯಿಲೆಗೆ ಮುಂಗಡ ತೆಗೆಯಬಹುದು, ಅದು ಸಾಲವಲ್ಲ, ವಾಪಸ್ ಕಟ್ಟಬೇಕಿಲ್ಲ. ಯುಎಎನ್‌ಗೆ (ನಿಮ್ಮ ಪಿ.ಎಫ್. ಸಂಖ್ಯೆಗೆ) ಆಧಾರ್, ಬ್ಯಾಂಕ್ ಖಾತೆ ಜೋಡಣೆಯಾಗಿದ್ದರೆ ಆನ್‌ಲೈನ್‌ನಲ್ಲೇ ಅರ್ಜಿ. ಪಾಸ್‌ಬುಕ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ತಿರಸ್ಕಾರ ಖಚಿತ.

ಆಮೇಲೆ ಚೀಟಿ. 40,000ದ ಚೀಟಿ, ಇನ್ನು ಎಂಟೇ ತಿಂಗಳು. ಈಗ ಕೂಗಿದರೆ ಬಿಟ್ಟುಕೊಡುವುದು ಕಮ್ಮಿ. 4,000 ಬಿಟ್ಟು ಎತ್ತಿದರೂ 36,000 ಕೈಗೆ ಬರುತ್ತದೆ. ಎತ್ತಿದ ಮೇಲೂ ತಿಂಗಳ 2,000 ಕಟ್ಟುತ್ತಲೇ ಇರಬೇಕು, ಮರೆಯಬೇಡಿ. ಎತ್ತಿದ ತಿಂಗಳಿಂದಲೇ "ಚೀಟಿ ಮುಗೀತು" ಅಂತ ಆ ದುಡ್ಡನ್ನು ಬೇರೆಡೆ ತಿರುಗಿಸುವವರೇ ಹೆಚ್ಚು.

ಇವೆರಡೂ ಸಾಲದಿದ್ದರೆ ಮಾತ್ರ ಒಡವೆ, ಅದೂ ಬ್ಯಾಂಕಿನಲ್ಲಿ. ಊರಲ್ಲಿ "ನೂರಕ್ಕೆ ಎರಡು ರೂಪಾಯಿ, ಏನ್ ಮಹಾ" ಅಂತಾರೆ. ಅದು ತಿಂಗಳ ಬಡ್ಡಿ, ವರ್ಷಕ್ಕೆ 24% ಆಯಿತು. ಮೂರು ರೂಪಾಯಿ ಅಂದರೆ 36%.

ಇಎಸ್‌ಐ ಕೈಗೂಡಿದ ಮೇಲೆ ಚಿತ್ರ ಹೀಗಿರುತ್ತದೆ: ಬರೋದು 24,200, ಮನೆ ಖರ್ಚು 19,950, ಉಳಿಕೆ 4,250. ಆಟೊಗೆ 3,250 ತೆಗೆದರೆ ಸಾವಿರ ಮಿಗುತ್ತದೆ. ಆ 4,250ನ್ನು ಸಂಬಳ ಬಂದ ದಿನವೇ ಅಮ್ಮನ ಖಾತೆಗೆ ಹಾಕಿ, ಕಾಯಿಲೆಯದ್ದೆಲ್ಲ ಅಲ್ಲಿಂದಲೇ ಹೋಗಲಿ. ಒಂದೇ ಖಾತೆಯಲ್ಲಿಟ್ಟರೆ ಇಪ್ಪತ್ತನೇ ತಾರೀಖಿಗೆ ಆಟೊ ದುಡ್ಡಿರುವುದಿಲ್ಲ, ಕೈಸಾಲ ಶುರುವಾಗುವುದು ಅಲ್ಲಿಂದ.

ಔಷಧಿ_ಅಂಗಡಿ:

ಮಾತ್ರೆ ವಿಷಯಕ್ಕೆ ಎರಡು ಮಾತು. ಔಷಧದ ಮೂಲ ಹೆಸರು ಬರೆದುಕೊಡಲು ಡಾಕ್ಟರನ್ನು ಕೇಳಿ, ಆಗ ಜನೌಷಧಿ ಕೇಂದ್ರದಲ್ಲಿ ಹೋಲಿಸಲು ಸುಲಭ. ಬಿ.ಪಿ. ಮಾತ್ರೆಯ ವ್ಯತ್ಯಾಸ ಒಂದೇ ನೋಟಕ್ಕೆ ಕಾಣುತ್ತದೆ. ಅಗ್ಗ ಅಂತ ಮೂರು ತಿಂಗಳದ್ದು ಒಟ್ಟಿಗೆ ಕೊಳ್ಳಬೇಡಿ. ಬಿ.ಪಿ. ಮಾತ್ರೆ, ರಂಜಕ (ಫಾಸ್ಫರಸ್) ಇಳಿಸುವ ಮಾತ್ರೆಗಳ ಪ್ರಮಾಣ ಪರೀಕ್ಷೆಯ ರಿಪೋರ್ಟ್ ಬಂದಂತೆ ಬದಲಾಗುತ್ತದೆ, ಕತ್ತರಿಸಿದ ಪಟ್ಟಿಯನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ. ಹದಿನೈದು ದಿನದ್ದು ಸಾಕು.

ರಕ್ತ ಹೆಚ್ಚಿಸುವ ಎರಿತ್ರೊಪೊಯೆಟಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್ಜಿನ ಬಾಗಿಲಲ್ಲೂ ಬೇಡ, ಐಸ್ ಪೆಟ್ಟಿಗೆಯಲ್ಲೂ ಬೇಡ, ನಡುವಿನ ತಟ್ಟೆಯಲ್ಲಿಡಿ. ಹೆಪ್ಪುಗಟ್ಟಿದ್ದನ್ನು ಬಳಸುವಂತಿಲ್ಲ. ಸೆಂಟರಿಗೆ ಒಯ್ಯುವಾಗ ಐಸ್ ಪ್ಯಾಕಿಗೆ ನೇರ ತಾಗದಂತೆ ಬಟ್ಟೆ ಸುತ್ತಿ.

ಫಿಸ್ಟುಲಾ ಮುಂದೂಡಬೇಡಿ. ಆಪರೇಷನ್ ಆದ ಮೇಲೆ ಅದು ಬಲಿಯಲು ಆರೆಂಟು ವಾರ ಬೇಕು, ಅಲ್ಲಿಯ ತನಕ ಕುತ್ತಿಗೆಯ ಪೈಪೇ ಗತಿ. ಪೈಪಿಗೆ ಸೋಂಕಾದರೆ ಚಳಿಜ್ವರ, ದಾಖಲಾತಿ, ದುಬಾರಿ ಆ್ಯಂಟಿಬಯಾಟಿಕ್. ಫಿಸ್ಟುಲಾ ಆಗುವ ಕೈಯಲ್ಲಿ ಈಗಿಂದಲೇ ರಕ್ತ ತೆಗೆಸಬೇಡಿ, ಆಪರೇಷನ್ ಆದ ಮೇಲೆ ಆ ಕೈಯಲ್ಲಿ ಬಿ.ಪಿ.ಯನ್ನೂ ನೋಡಿಸಬೇಡಿ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಕೇಳಿ.

ಹೊಳೆದಂಡೆ:

ಅಡುಗೆಮನೆ ಕಡೆ ಯಾರೂ ಬರಲಿಲ್ಲ, ನಾನು ಬರೀತೀನಿ. ಅಪ್ಪನವರಿಗೆ ಬೇರೆ ಅಡುಗೆ ಬೇಕಿಲ್ಲ, ಗ್ಯಾಸ್ ದಂಡ. ಒಂದೇ ಪಾತ್ರೆಯಲ್ಲಿ ಬೇಯಿಸಿ, ಉಪ್ಪು ಹಾಕುವ ಮುಂಚೆ ಅವರ ಪಾಲು ತೆಗೆದಿಡಿ. ತರಕಾರಿ ಸಣ್ಣಗೆ ಹೆಚ್ಚಿ, ಧಾರಾಳ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿದರೆ ಪೊಟ್ಯಾಸಿಯಂ ಸ್ವಲ್ಪ ಇಳಿಯುತ್ತದೆ. ಆ ಕಟ್ಟಿನಲ್ಲಿ ಅವರಿಗೆ ಸಾರು ಮಾಡಬೇಡಿ. ಅಂಗಡಿಯಲ್ಲಿ ಸಿಗುವ "ಲೋ ಸೋಡಿಯಂ" ಉಪ್ಪು ದುಬಾರಿಯೂ ಹೌದು, ಅಪಾಯವೂ ಹೌದು, ಅದರಲ್ಲಿರೋದು ಪೊಟ್ಯಾಸಿಯಂ ಕ್ಲೋರೈಡ್. ಉಪ್ಪಿನಕಾಯಿ, ಹಪ್ಪಳ ಬಿಟ್ಟರೆ ಬಾಯಾರಿಕೆಯೂ ಕಮ್ಮಿ, ನೀರಿನ ಮಿತಿ ಪಾಲಿಸೋದು ಸುಲಭ.

ತುಮಕೂರಿನವರಿಗೆ ಹೇಳೋಕೆ ಕಷ್ಟ, ಆದರೂ ಹೇಳ್ತೀನಿ: ರಾಗಿಯಲ್ಲಿ ಪಾಲಿಶ್ ಅಕ್ಕಿಗಿಂತ ಪೊಟ್ಯಾಸಿಯಂ, ರಂಜಕ ಎರಡೂ ಜಾಸ್ತಿ. ಮುದ್ದೆ ಎಷ್ಟು ಅಂತ ಡಯಟಿಷಿಯನ್ ಹತ್ತಿರ ನಿಕ್ಕಿ ಮಾಡಿಕೊಳ್ಳಿ.

ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನ್ ಕಮ್ಮಿ ಮಾಡೋದು ತಪ್ಪು. ತೂಕದ ಕೆಜಿಗೆ 1ರಿಂದ 1.2 ಗ್ರಾಂ ಬೇಕು, 55 ಕೆಜಿಯವರಿಗೆ 55ರಿಂದ 66 ಗ್ರಾಂ. ಒಂದು ಮೊಟ್ಟೆಯ ಬಿಳಿಯಲ್ಲಿ ಮೂರೂವರೆ ಗ್ರಾಂ ಸಿಗುತ್ತದೆ. ಡಬ್ಬಿ ಪೌಡರ್ ಡಾಕ್ಟರ್ ಬರೆದರೆ ಮಾತ್ರ ತನ್ನಿ. ಮೊಟ್ಟೆಯ ಹಳದಿ ಭಾಗ ಮಗಳಿಗೆ ಹಾಕಿ, ದಂಡವಾಗಲ್ಲ.

ಇನ್ನು ನೋಡೋಕೆ ಬರುವ ನೆಂಟರು. ಎಲ್ಲರ ಕೈಯಲ್ಲೂ ಎಳನೀರು, ಬಾಳೆಹಣ್ಣು, ಎರಡೂ ಅಪ್ಪನವರಿಗೆ ವಿಷಕ್ಕೆ ಸಮ. ತೀರ ಹತ್ತಿರದವರಿಗೆ ಅಮ್ಮನೇ ನೇರವಾಗಿ ಹೇಳಲಿ: ಹಣ್ಣು ಬೇಡಪ್ಪ, ಬುಧವಾರದ ಆಟೊ ನಿಮ್ಮದು ಅಂತ. ಹಾಗೆ ಒಂದು ದಿನದ ಜವಾಬ್ದಾರಿ ಕೊಟ್ಟರೆ ಬಹಳ ಜನ ಒಪ್ತಾರೆ, ನಿಮ್ಮ ರಜೆಯೂ ಉಳಿಯುತ್ತದೆ.