ಪದಚರ್ಚೆ: ‘ಗಾರ್ಡಿಯನ್ ಆಡ್ ಲೈಟಮ್’ ಅಂದರೆ ಮಗುವಿನ ಪೋಷಕರೇ?

ಪ್ರಶ್ನೆ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ವಿಚ್ಛೇದನಕ್ಕಾಗಿ ಕೋರ್ಟು ಮೆಟ್ಟಿಲು ಹತ್ತಿರುವ ಕನ್ನಡ ಕುಟುಂಬಗಳಿಗೆಂದು ಎರಡು ಪುಟದ ಮಾಹಿತಿ ಪತ್ರವೊಂದು ಕನ್ನಡಕ್ಕೆ ಬರುತ್ತಿದೆ. ಮಗುವಿನ ವಿಚಾರಕ್ಕೆ ಕೋರ್ಟೇ ನೇಮಿಸುವ ಮೂರು ಬಗೆಯ ವಕೀಲರ ಹೆಸರು ಅದರಲ್ಲಿದೆ: ಅಟಾರ್ನಿ ಫಾರ್ ದ ಚೈಲ್ಡ್, ಗಾರ್ಡಿಯನ್ ಆಡ್ ಲೈಟಮ್, ಚೈಲ್ಡ್ ರೆಪ್ರೆಸೆಂಟೇಟಿವ್. ಕರಡಿನಲ್ಲಿ ಮೂರಕ್ಕೂ ‘ಮಗುವಿನ ಕಾನೂನು ಪೋಷಕರು’ ಎಂದೇ ಬರೆದಿದೆ. ಇದು ಸರಿಯೇ? ನಮ್ಮ ಕೋರ್ಟುಗಳಲ್ಲಿ ರೂಢಿಯ ಪದ ಇದ್ದರೆ ತಿಳಿಸಿ. ‘ಕಸ್ಟಡಿ’ಗೆ ‘ಸುಪರ್ದಿ’ ಎಂದು ಹಾಕಿದೆ, ಅದನ್ನೂ ನೋಡಿ ಹೇಳಿ.

ಮೊದಲ ಉತ್ತರ

‘ಪೋಷಕರು’ ದಯವಿಟ್ಟು ಬೇಡ. ಶಾಲೆಯ ಅರ್ಜಿಯಿಂದ ಹಿಡಿದು ಎಲ್ಲ ಕಡೆ ಕನ್ನಡದಲ್ಲಿ ಪೋಷಕರೆಂದರೆ ಅಪ್ಪ ಅಮ್ಮ. ‘ನಿಮ್ಮ ಮಗುವಿಗೆ ಕೋರ್ಟು ಪೋಷಕರನ್ನು ನೇಮಿಸಿದೆ’ ಎಂದು ಓದಿದ ತಾಯಿ, ಮಗು ಕೈತಪ್ಪಿ ಹೋಯಿತೆಂದೇ ತಿಳಿಯುತ್ತಾಳೆ. ಗಾರ್ಡಿಯನ್ ಆಡ್ ಲೈಟಮ್‌ಗೆ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುವ, ಸಾಕುವ ಯಾವ ಹಕ್ಕೂ ಇಲ್ಲ. ‘ಆಡ್ ಲೈಟಮ್’ ಅಂದರೆ ಈ ಮೊಕದ್ದಮೆಯ ಮಟ್ಟಿಗೆ, ಅಷ್ಟೇ.

ನಮ್ಮಲ್ಲಿ ರೂಢಿಯ ಪದ ಇದೆ, ಆದರೆ ಅದು ಇಲ್ಲಿಗೆ ಹೊಂದುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಂತೆ ಮೈನರ್ ಪರವಾಗಿ ದಾವೆ ನಡೆಸುವವರನ್ನು ಕೋರ್ಟಿನ ಮಾತಿನಲ್ಲಿ ‘ಮೈನರ್ ಗಾರ್ಡಿಯನ್’ ಎನ್ನುತ್ತಾರೆ. ಆಸ್ತಿ ಭಾಗದ ದಾವೆಗಳಲ್ಲಿ ಇದು ಮಾಮೂಲು, ಏಕೆಂದರೆ ಅಲ್ಲಿ ಮಗುವೇ ಪಕ್ಷಕಾರ. ವಿಚ್ಛೇದನದಲ್ಲಿ ಪಕ್ಷಕಾರರು ಗಂಡ ಹೆಂಡತಿ ಇಬ್ಬರೇ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನಲ್ಲಿ ಅಮಿಕಸ್ ಕ್ಯೂರಿ ಇದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ಅವರು ನ್ಯಾಯಾಲಯಕ್ಕೆ ನೆರವಾಗುವವರು, ಮಗುವಿನ ಪರ ನಿಲ್ಲಲೆಂದೇ ಬಂದವರಲ್ಲ. ಮಗುವಿನ ಇಷ್ಟ ತಿಳಿಯಲು ನಮ್ಮ ನ್ಯಾಯಾಧೀಶರು ಸಾಮಾನ್ಯವಾಗಿ ಮಗುವನ್ನು ತಮ್ಮ ಕೊಠಡಿಗೆ ಕರೆದು ಮಾತಾಡಿಸುತ್ತಾರೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17(3) ಅದಕ್ಕೆ ಆಧಾರ. ಹಾಗಾಗಿ ಇಲಿನಾಯ್‌ನ ಮೂವರಿಗೂ ಹೊಸದಾಗಿಯೇ ಹೆಸರು ಕೊಡಬೇಕು.

ಹೆಸರಿಡುವ ಮುಂಚೆ ಕೆಲಸ ನೋಡೋಣ. ಇಲಿನಾಯ್ ವಿವಾಹ ಕಾಯ್ದೆಯ 506ನೇ ಕಲಮು ಮೂವರ ಕೆಲಸವನ್ನೂ ಸ್ಪಷ್ಟವಾಗಿ ಬೇರೆ ಮಾಡಿದೆ. ಮೂವರೂ ವಕೀಲರೇ. ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು: ಇವರು ಹೇಳುವುದು ಮಗುವಿಗೆ ಏನು ಬೇಕೆಂದೋ, ಮಗುವಿಗೆ ಯಾವುದು ಒಳ್ಳೆಯದೆಂದೋ? ಇವರನ್ನು ಕಟಕಟೆಗೆ ಕರೆಸಿ ಪಾಟೀ ಸವಾಲು ಮಾಡಬಹುದೋ, ಇಲ್ಲವೋ?

ಅಟಾರ್ನಿ ಫಾರ್ ದ ಚೈಲ್ಡ್‌ಗೆ ಮಗುವೇ ಕಕ್ಷಿದಾರ. ದೊಡ್ಡವರ ವಕೀಲರಿಗೆ ಇರುವ ನಿಷ್ಠೆ, ಗೋಪ್ಯತೆ ಎಲ್ಲವೂ ಇಲ್ಲಿ ಮಗುವಿಗೆ ಸಲ್ಲುತ್ತದೆ. ‘ಮಗುವಿನ ವಕೀಲರು’ ಎಂದರೆ ಮುಗಿಯಿತು.

ಗಾರ್ಡಿಯನ್ ಆಡ್ ಲೈಟಮ್ ಹಾಗಲ್ಲ. ಅವರು ಮಗುವನ್ನೂ ಅಪ್ಪ ಅಮ್ಮನನ್ನೂ ಕಂಡು ಮಾತಾಡಿ, ಸಂಗತಿ ವಿಚಾರಿಸಿ, ಮಗುವಿಗೆ ಯಾವುದು ಒಳಿತೆಂದು ಕೋರ್ಟಿಗೆ ಶಿಫಾರಸು ಮಾಡುತ್ತಾರೆ, ಲಿಖಿತ ವರದಿಯಾಗಿಯೋ ಸಾಕ್ಷ್ಯವಾಗಿಯೋ. ಮಾತು ಬಾರದ ಕೂಸಾದರೆ ಕನಿಷ್ಠ ಅದನ್ನು ಕಣ್ಣಾರೆ ನೋಡಲೇಬೇಕು. ವರದಿ ಎರಡೂ ಕಡೆಯವರಿಗೆ ಸಿಗುತ್ತದೆ, ಬರೆದವರನ್ನು ಪಾಟೀ ಸವಾಲಿಗೆ ಒಳಪಡಿಸಬಹುದು. ಜನ ಎಡವುವುದು ಇಲ್ಲೇ. ‘ವಕೀಲರು’ ಎಂಬ ಪದ ಕೇಳಿದೊಡನೆ ಇವರಿಗೆ ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ ಎಂದುಕೊಂಡು ಮನಸ್ಸು ಬಿಚ್ಚುತ್ತಾರೆ. ಅದೇ ಮಾತು ವರದಿಯಲ್ಲಿ ಎದುರು ಪಕ್ಷದವರ ಕೈಗೆ ಬರುತ್ತದೆ. ಆದ್ದರಿಂದ ಈ ಹೆಸರಿನಲ್ಲಿ ‘ವಕೀಲ’ ಇರದಿದ್ದರೇ ಒಳ್ಳೆಯದು. ‘ತನಿಖಾಧಿಕಾರಿ’ ಎಂದರೆ ಪೊಲೀಸರು, ‘ವರದಿಗಾರ’ ಎಂದರೆ ಪತ್ರಿಕೆಯವರು. ನನ್ನ ಸಲಹೆ ‘ಹಿತಪರಿಶೀಲಕರು’. ಮೊದಲ ಸಲ ಬಂದಾಗ ‘ಮಗುವಿನ ಹಿತ ಪರಿಶೀಲಿಸಿ ಕೋರ್ಟಿಗೆ ವರದಿ ಕೊಡುವವರು’ ಎಂದು ಬಿಡಿಸಿ ಬರೆಯಿರಿ.

ಮೂರನೆಯವರಾದ ಚೈಲ್ಡ್ ರೆಪ್ರೆಸೆಂಟೇಟಿವ್ ಕೂಡ ಮಗುವಿನ ಒಳಿತಿನ ಪರವೇ. ಮಗುವಿನ ಇಷ್ಟವನ್ನು ಗಮನಿಸುತ್ತಾರೆ, ಅದಕ್ಕೆ ಕಟ್ಟುಬೀಳುವುದಿಲ್ಲ. ಆದರೆ ಇವರು ವರದಿ, ಅಭಿಪ್ರಾಯ, ಶಿಫಾರಸು ಯಾವುದನ್ನೂ ಕೊಡುವಂತಿಲ್ಲ. ಇವರನ್ನು ಸಾಕ್ಷಿಯಾಗಿ ಕರೆಯುವಂತೆಯೂ ಇಲ್ಲ. ಸಾಕ್ಷ್ಯದ ಮೇಲೆ ನಿಂತು ವಾದ ಮಾಡಬೇಕು. ಇದರ ಹಿಂದೆ ಒಂದು ತೀರ್ಪಿನ ಕತೆಯಿದೆ. ಹಿಂದೆ ಇವರು ಶಿಫಾರಸು ಕೊಡುತ್ತಿದ್ದರು, ಪಾಟೀ ಸವಾಲು ಮಾತ್ರ ಇರಲಿಲ್ಲ. ಪ್ರಶ್ನಿಸಲಾಗದ ಶಿಫಾರಸಿನ ಮೇಲೆ ತಾಯಿತಂದೆಯರ ಹಕ್ಕನ್ನು ತೀರ್ಮಾನಿಸುವುದು ನ್ಯಾಯಯುತ ವಿಚಾರಣೆಗೆ ವಿರುದ್ಧವೆಂದು 2004ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟು ಬೇಟ್ಸ್ ಪ್ರಕರಣದಲ್ಲಿ ಹೇಳಿತು. ಆಮೇಲೆ ಕಾಯ್ದೆಯನ್ನೇ ತಿದ್ದಿದರು. ಇವರನ್ನು ‘ಪ್ರತಿನಿಧಿ’ ಎಂದರೆ ಮಗು ಹೇಳಿಕಳಿಸಿದ್ದನ್ನು ಒಪ್ಪಿಸುವವರು ಎಂಬ ಅರ್ಥ ಬರುತ್ತದೆ. ‘ಹಿತವಾದಿ’ ಆಗಬಹುದೇನೋ.

ಎರಡನೆಯ ಉತ್ತರ

‘ಹಿತಪರಿಶೀಲಕರು’ ಚೆನ್ನಾಗಿದೆ. ‘ಹಿತವಾದಿ’ಗೆ ನನ್ನ ತಕರಾರಿದೆ: ಕೋರ್ಟಿನ ಕಾಗದದಲ್ಲಿ ವಾದಿ ಎಂದರೆ ದಾವೆ ಹೂಡಿದವರು, ಎದುರಿಗೆ ಪ್ರತಿವಾದಿ. ಮೂರನೆಯ ಪಕ್ಷವೊಂದು ಹುಟ್ಟಿತೆಂದು ಓದುಗರು ಗಾಬರಿಯಾಗುತ್ತಾರೆ. ‘ಮಗುವಿನ ಹಿತದ ವಕೀಲರು’ ಎನ್ನೋಣ. ‘ಮಗುವಿನ ವಕೀಲರು’ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಇಂಗ್ಲಿಷ್ ಹೆಸರನ್ನು ಕನ್ನಡ ಲಿಪಿಯಲ್ಲಿ ಜೊತೆಗಿಡುವುದು ಅಗತ್ಯ, ಆದೇಶದಲ್ಲಿ ಅವರಿಗೆ ಕಾಣುವುದು ಅದೇ.

ದುಭಾಷಿಗಳಿಗೂ ಒಂದು ಮಾತು. ಊರಿನಿಂದ ಬಂದು ಮಗುವಿನ ಜೊತೆ ದಿನವಿಡೀ ಇರುವ ಅಜ್ಜಿಯನ್ನು ಹಿತಪರಿಶೀಲಕರು ಮಾತಾಡಿಸಬಹುದು. ‘ಊಟ ಮಾಡ್ದೆ ಇದ್ರೆ ಸಾಯ್ಸ್‌ಬಿಡ್ತೀನಿ ಅಂತ ಸೊಸೆ ಗದರ್ತಾಳೆ’ ಎಂದು ಅಜ್ಜಿ ಅಂದರೆ, ಅದು ಪದಶಃ ಇಂಗ್ಲಿಷಿಗೆ ಹೋದಾಗ ಕೊಲೆ ಬೆದರಿಕೆ. ಹಾಗೆಂದು ದುಭಾಷಿ ತಾವಾಗಿ ಮೆತ್ತಗೆ ಮಾಡಿ ಹೇಳುವುದೂ ತಪ್ಪು. ಆಡಿದ ಮಾತನ್ನು ಇದ್ದಂತೆ ಹೇಳಿ, ಇದು ಗದರುವಾಗ ಆಡುವ ನುಡಿಗಟ್ಟೂ ಹೌದು, ಯಾವ ಅರ್ಥದಲ್ಲಿ ಆಡಿದ್ದೆಂದು ಅವರನ್ನೇ ಕೇಳಿ, ಎಂದು ಬೇರೆಯಾಗಿ ತಿಳಿಸಬೇಕು. ನೆಂಟರನ್ನು ಈ ಕೆಲಸಕ್ಕೆ ಕೂರಿಸಲೇಬಾರದು.

‘ಸುಪರ್ದಿ’ ನಮ್ಮ ಪತ್ರಿಕೆಗಳಲ್ಲಿದೆ, ಜಪ್ತಿಯಾದ ವಾಹನಕ್ಕೂ ಅದೇ ಪದ. ಇಲಿನಾಯ್ ಕಾಯ್ದೆಯಂತೂ 2016ರ ಜನವರಿ 1ರಿಂದ ಅಪ್ಪ ಅಮ್ಮನ ವಿಚಾರದಲ್ಲಿ ‘ಕಸ್ಟಡಿ’, ‘ವಿಸಿಟೇಶನ್’ (ಮಗುವನ್ನು ಭೇಟಿಯಾಗುವ ಹಕ್ಕು) ಎರಡನ್ನೂ ಕೈಬಿಟ್ಟಿದೆ. ಈಗ ಕೋರ್ಟು ಹಂಚುವುದು ಎರಡನ್ನು. ಒಂದು, ಓದು, ಆರೋಗ್ಯ, ಧರ್ಮ, ಪಠ್ಯೇತರ ಚಟುವಟಿಕೆಗಳ ಬಗ್ಗೆ ನಿರ್ಧರಿಸುವ ಹೊಣೆ. ಇನ್ನೊಂದು, ಮಗು ಯಾರ ಜೊತೆ ಎಷ್ಟು ಹೊತ್ತು ಇರಬೇಕೆಂಬುದು. ‘ನಿರ್ಧಾರದ ಹೊಣೆ’, ‘ಮಗುವಿನ ಜೊತೆಗಿನ ಸಮಯ’ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ಕರಡಿನಲ್ಲಿ ಶುಲ್ಕದ ಸಾಲು ಬಿಟ್ಟುಹೋಗಿದ್ದರೆ ಸೇರಿಸಿ: ಕೋರ್ಟು ನೇಮಿಸಿತೆಂದ ಮಾತ್ರಕ್ಕೆ ಇವರ ಸೇವೆ ಉಚಿತವಲ್ಲ. ಖರ್ಚನ್ನು ಅಪ್ಪ, ಅಮ್ಮ ಅಥವಾ ಇಬ್ಬರ ಮೇಲೂ ಕೋರ್ಟು ಹಾಕಬಹುದು. ನೇಮಕವಾದವರು 90 ದಿನಕ್ಕೊಮ್ಮೆ ವಿವರವಾದ ಬಿಲ್ಲನ್ನು ಕೋರ್ಟಿಗೆ ಸಲ್ಲಿಸಿ, ಇಬ್ಬರಿಗೂ ಪ್ರತಿ ಕಳಿಸಬೇಕು.