ಸೊಂಟದ ನೀರಿನಲ್ಲಿ ಮೆದುಳಿನ ಸುದ್ದಿ ಹೇಗೆ?

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷ. ಕೈಕಾಲು ಬಿಗಿಯಾಗುತ್ತೆ ಅಂತ ಸೊಂಟದಿಂದ ಬೆನ್ನುಹುರಿ ನೀರು ತೆಗೆದರು. ಟ್ಯೂಬುಗಳಿಗೆ ನಂಬರ್ ಹಾಕಿ ಐಸಿನಲ್ಲಿಟ್ಟರು. ರಿಪೋರ್ಟಿನಲ್ಲಿ ಎಚ್‌ವಿಎ, 5-ಎಚ್‌ಐಎಎ ಅಂತಿದೆ. ಸೂಜಿ ಚುಚ್ಚಿದ್ದು ಸೊಂಟಕ್ಕೆ, ಇವು ಮೆದುಳಿನದ್ದು ಅಂತ ಹೇಗೆ ನಂಬೋದು?

ಉತ್ತರ 1: ಒಳ್ಳೆ ಪ್ರಶ್ನೆ. ನಾನು ಲ್ಯಾಬಿನಲ್ಲಿ ಇದೇ ಟೆಸ್ಟ್ ಮಾಡುತ್ತೇನೆ. ನರಗಳು ಸಂದೇಶ ಕಳಿಸಲು ಬಳಸುವ ಡೋಪಮೈನ್ ಅನ್ನೋ ರಾಸಾಯನಿಕ ಒಡೆದಾಗ ಎಚ್‌ವಿಎ ಆಗುತ್ತೆ. ಅದರ ಬಹುಪಾಲು ಬರೋದು ಮೆದುಳಿನಿಂದಲೇ, ಮುಖ್ಯವಾಗಿ ಕಾಡೇಟ್ ಭಾಗದಿಂದ. ಕಾಡೇಟ್ ಇರೋದು ವೆಂಟ್ರಿಕಲ್‌ನ, ಅಂದರೆ ಮೆದುಳಿನೊಳಗಿನ ನೀರು ತುಂಬಿದ ಪೊಳ್ಳಿನ ಗೋಡೆಯಲ್ಲೇ. ಅಲ್ಲಿಂದ ನೀರಿಗೆ ಸೇರಿ ಕೆಳಗಿಳಿಯುತ್ತೆ. ದಾರಿಯಲ್ಲಿ ಒಂದಷ್ಟು ರಕ್ತಕ್ಕೆ ಹೋಗಿಬಿಡುತ್ತೆ. ಹಾಗಾಗಿ ಮೊದಲ ಹನಿಗಳಲ್ಲಿ ಕಡಿಮೆ, ಆಮೇಲೆ ಮೇಲಿನ ನೀರು ಬಂದಂತೆ ಜಾಸ್ತಿ. ಟ್ಯೂಬಿಗೆ ನಂಬರ್ ಹಾಕೋದು ಇದಕ್ಕೇ. ಟ್ಯೂಬ್ ಅದಲುಬದಲಾದರೆ ಲೆಕ್ಕವೇ ತಪ್ಪುತ್ತೆ.

ಉತ್ತರ 2: 5-ಎಚ್‌ಐಎಎ ಆಗೋದು ಸೆರೊಟೋನಿನ್ ಅನ್ನೋ ಇನ್ನೊಂದು ನರ ರಾಸಾಯನಿಕ ಒಡೆದಾಗ. ಅದು ಪೂರ್ತಿ ಮೆದುಳಿನದ್ದಲ್ಲ. ಸೆರೊಟೋನಿನ್ ನರಗಳು ಮೆದುಳಿನ ಕಾಂಡದಿಂದ ಬೆನ್ನುಹುರಿಗೂ ಇಳಿಯುತ್ತವೆ. ಅಲ್ಲಿಂದಲೂ ಸ್ವಲ್ಪ ಸೇರುತ್ತೆ.

ಪ್ರಶ್ನೆ ಕೇಳಿದವರು: ರಕ್ತದಿಂದ ಬಂದಿರಬಹುದಲ್ವಾ?

ಉತ್ತರ 1: ಇವೆರಡೂ ಆಮ್ಲಗಳು, ರಕ್ತದಿಂದ ಒಳಗೆ ಸುಲಭವಾಗಿ ನುಗ್ಗಲ್ಲ. ಇವು ನೀರಿನಿಂದ ರಕ್ತಕ್ಕೆ ಹೊರಹೋಗುವ ದಾರಿಯನ್ನು ಪ್ರೊಬೆನೆಸಿಡ್ ಮಾತ್ರೆಯಿಂದ ತಡೆದರೆ ನೀರಿನಲ್ಲಿ ಎರಡೂ ಏರುತ್ತವೆ. ನಾರ್‌ಅಡ್ರಿನಲಿನ್ ಅನ್ನೋ ಮತ್ತೊಂದು ನರ ರಾಸಾಯನಿಕ ಒಡೆದಾಗ ಆಗುವ ಎಂಎಚ್‌ಪಿಜಿ ಮಾತ್ರ ರಕ್ತಕ್ಕೂ ನೀರಿಗೂ ಓಡಾಡುತ್ತೆ. ಇನ್ನೊಂದು, ಹಸುಗೂಸುಗಳಲ್ಲಿ ಈ ಅಂಕಿಗಳು ಜಾಸ್ತಿಯೇ ಇರುತ್ತವೆ. ರಿಪೋರ್ಟಿನಲ್ಲಿ ನಿಮ್ಮ ಮಗನ ವಯಸ್ಸಿಗೆ ತಕ್ಕ ಸಾಮಾನ್ಯ ಮಿತಿ ಹಾಕಿದ್ದಾರಾ ಅಂತ ಡಾಕ್ಟರನ್ನು ಖಂಡಿತ ಕೇಳಿ.